ರಬ್ಬರ್ ಇಲಿಯ ಹಲ್ಲು

“ಹಿಂದಿನ ಕಾಲೇಜಿನಲ್ಲಿ ದೊಡ್ಡ ಮೇಷ್ಟ್ರ ಬೆರಳನ್ನು ಕಚಕ್ಕನೆ ಕಚ್ಚಿದವನು ನಾನು! ಸೂಜಿ ಬಿಸಾಕಿ ಗೇಟು ದಾಟಿ ಓಡಿದರು. ಕಣ್ಣಾರೆ ಕಂಡ ಇಲಿಗಳೆಲ್ಲ ತೀರಿಹೋದವು, ಇಲ್ಲದಿದ್ದರೆ ಅವೇ ಸಾಕ್ಷಿ ಹೇಳುತ್ತಿದ್ದವು,” ಎಂದು ಪ್ರಯೋಗಶಾಲೆಗೆ ಹೊಸದಾಗಿ ಬಂದಿದ್ದ ಹಳೇ ರಬ್ಬರ್ ಇಲಿ ಮೇಜಿನ ಮೇಲಿಂದ ಗತ್ತಿನಲ್ಲಿ ಹೇಳಿತು.

ಪಂಜರದೊಳಗಿನ ಬಿಳಿ ಇಲಿಮರಿಗೆ ನಗು ಬರಲಿಲ್ಲ. “ಅಜ್ಜಾ, ಇವತ್ತು ಹೊಸಬರು ರಕ್ತ ತೆಗೆಯುವುದನ್ನು ಕಲಿಯಲು ಬರುತ್ತಾರಂತೆ. ಹೋದ ಸಲ ನಮ್ಮಣ್ಣನ ಬಾಲದ ಮೇಲೆ ಕಲಿತರು. ಅವನು ತಿರುಗಿ ಬರಲೇ ಇಲ್ಲ.”

“ನಾನಿರುವಾಗ ನಿನ್ನ ತಂಟೆಗೆ ಯಾರು ಬರುತ್ತಾರೋ? ಸುಮ್ಮನೆ ನೋಡ್ತಾ ಇರು.”

ಅಷ್ಟರಲ್ಲಿ ಹೊಸ ವಿಜ್ಞಾನಿ ಚಂಪಾವತಿ ಸೂಜಿ ಹಿಡಿದು ಬಂದವಳೇ ಪಂಜರದ ಬಾಗಿಲಿಗೆ ಕೈ ಹಾಕಿದಳು. ಇಲಿಮರಿ ಮೂಲೆಗೆ ಮುದುಡಿಕೊಂಡಿತು.

“ಅಲ್ಲಲ್ಲ ಕಣಮ್ಮಾ,” ಎಂದರು ಕಲಿಸುವ ಮೇಡಂ. “ಕೈ ಪಳಗಿಸಿಕೊಳ್ಳುವುದಕ್ಕೆ ಇನ್ನು ಮೇಲೆ ಜೀವ ಬೇಡ. ಈ ರಬ್ಬರಿನದನ್ನು ತಗೋ.”

ಚಂಪಾವತಿ ಚುಚ್ಚಿದಳು, ತಪ್ಪಿದಳು, ಬೈದುಕೊಂಡಳು, ಮತ್ತೆ ಚುಚ್ಚಿದಳು. ಸಂಜೆಯ ಹೊತ್ತಿಗೆ ರಬ್ಬರ್ ಬಾಲದೊಳಗಿನ ಕೆಂಪು ನೀರು ಸರಾಗವಾಗಿ ಸಿರಿಂಜಿಗೆ ಏರಿತು. ಅವಳ ಕೈ ಪಳಗಿತ್ತು. ಪಂಜರದ ಬಾಗಿಲು ತೆರೆಯಲೇ ಇಲ್ಲ.

ಎಲ್ಲರೂ ಹೋದ ಮೇಲೆ ರಬ್ಬರ್ ಇಲಿ ಜರಡಿಯಾದ ಬಾಲ ಚಾಚಿಕೊಂಡು ಹೇಳಿತು, “ನೋಡಿದೆಯಾ? ನನ್ನ ಹಲ್ಲಿಗೆ ಹೆದರಿ ಯಾರೂ ನಿನ್ನ ಹತ್ತಿರ ಸುಳಿಯಲಿಲ್ಲ.”

ಇಲಿಮರಿ ಸರಳುಗಳ ನಡುವಿಂದ ಮೂತಿ ತೂರಿಸಿ ಅದರ ಬಾಯನ್ನೇ ದಿಟ್ಟಿಸಿತು. “ಅಜ್ಜಾ, ನಿನಗೆ ಹಲ್ಲೇ ಇಲ್ಲವಲ್ಲ! ಇದ್ದ ಗುರುತೂ ಇಲ್ಲ!”

ರಬ್ಬರ್ ಇಲಿ ಹೆಗಲು ಹಾರಿಸಿತು. “ಇಲ್ಲದಿದ್ದರೆ ಬಿಡು. ಬಾಲ ಇತ್ತಲ್ಲ!”