ಹತ್ತು ನಿಮಿಷ ಮುಂದಿದ್ದ ಗಡಿಯಾರ

ಶೇಷಪ್ಪನವರ ಮನೆಯ ಗೋಡೆಗೆ ಒಂದು ಗಡಿಯಾರವಿತ್ತು. ಅದರ ಕೆಳಗೆ ಇಂಟರ್‌ನೆಟ್ ಮೋಡೆಮ್ ಇತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಮೋಡೆಮ್ ಹೊತ್ತನ್ನು ಮರೆಯುತ್ತಿತ್ತು; ಮರುಕ್ಷಣವೇ ದೂರದ ಸರ್ವರ್ ಕಂಪ್ಯೂಟರನ್ನು ಕೇಳಿ ಸರಿಯಾದ ಸಮಯ ತಿಳಿದುಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಮೋಡೆಮ್ ಹೇಳಿತು: "ಅಣ್ಣಾ, ನೀನು ಹತ್ತು ನಿಮಿಷ ಮುಂದಿದ್ದೀಯೆ. ವಯಸ್ಸಾಯಿತೇನು?"

"ವಯಸ್ಸಲ್ಲ ತಮ್ಮಾ. ಯಜಮಾನರಿಗೆ ಬಸ್ಸು ತಪ್ಪಬಾರದೆಂದು ಅವರ ಹೆಂಡತಿ ಸುಭದ್ರಮ್ಮ ಹೀಗೆ ಇಟ್ಟರು. ಆಕೆ ತೀರಿಕೊಂಡ ಮೇಲೂ ಅದನ್ನೇ ಕಾಯುತ್ತಿದ್ದೇನೆ."

"ತಪ್ಪನ್ನು ಕಾಯುವುದೇಕೆ? ನನ್ನ ಹಾಗೆ ಕೇಳಿ ತಿದ್ದಿಕೊ."

"ನೀನು ಕೇಳಿದರೆ ಉತ್ತರ ಬರುತ್ತದೆ. ನಾನು ಯಾರನ್ನು ಕೇಳಬೇಕೋ ಅವರಿಂದ ಬರುವುದಿಲ್ಲ."

ಅದೇ ವಾರ ಗಡಿಯಾರದ ಸೆಲ್ಲು ಮುಗಿದು ಮುಳ್ಳುಗಳು ನಿಂತವು. ಹೊಸ ಸೆಲ್ಲು ಹಾಕಲು ಶೇಷಪ್ಪನವರು ಅದನ್ನು ಕೆಳಗಿಳಿಸಿದರು. ಇನ್ನು ಸುಭದ್ರಮ್ಮ ಇಟ್ಟ ಹೊತ್ತು ಅಳಿಸಿಹೋಗುತ್ತದೆ ಎಂದು ಗಡಿಯಾರ ಹೆದರಿತು.

ಶೇಷಪ್ಪನವರ ತಂಗಿ ಅಂಬುಜಾ ಮೊಬೈಲು ನೋಡಿ ಹೇಳಿದಳು: "ಈಗ ಎಂಟೂ ಇಪ್ಪತ್ತು, ಅಣ್ಣಯ್ಯ. ಈ ಸಲ ಸರಿಯಾಗಿ ಇಡು. ರಿಟೈರ್ ಆದವನಿಗೆ ಇನ್ಯಾವ ಬಸ್ಸು?"

ಶೇಷಪ್ಪನವರು ಮುಳ್ಳನ್ನು ಎಂಟೂವರೆಗೆ ತಿರುಗಿಸಿದರು.

"ಬಸ್ಸಿಗಲ್ಲ ಕಣೇ. ಗಡಿಯಾರ ಮುಂದಿದೆ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಹೊರಟು ನಿಂತಮೇಲೂ ಹತ್ತು ನಿಮಿಷ ಉಳಿಯುತ್ತಿತ್ತಲ್ಲ, ಆಗ ಇಬ್ಬರೂ ಕೂತು ಕಾಫಿ ಕುಡೀತಿದ್ವಿ."

ಗಡಿಯಾರವನ್ನು ಮತ್ತೆ ಮೊಳೆಗೆ ತೂಗುಹಾಕಿ, ಅವರು ಅದರ ಎದುರು ಕುಳಿತರು.