ಹೊಳೆಯ ಬಾಲ ಕಾಯುವ ಬಂಡೆಗಳು

ಲೋಕ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಯಾರಿಗೂ ಸ್ವಂತ ಊರಿರಲಿಲ್ಲ. ಹಾಗಾಗಿ ಎಲ್ಲರೂ ಪ್ರವಾಸಿಗರೇ. ಕಂಡದ್ದನ್ನೆಲ್ಲ ನೋಡುವುದು, ಚೆನ್ನಾಗಿದೆ ಎನ್ನುವುದು, ಮುಂದೆ ಹೋಗುವುದು.

ಬಯಲುಸೀಮೆಯ ಒಂದು ಗುಡ್ಡದಲ್ಲಿ ಮಾತ್ರ ಎರಡು ಬಂಡೆಗಳು ಎಲ್ಲಿಗೂ ಹೋಗದೆ ಕೂತಿದ್ದವು. ಅಣ್ಣ ಹಿರಿಗುಂಡು, ತಮ್ಮ ಕಿರಿಗುಂಡು. ಉರುಳಲು ಇಬ್ಬರಿಗೂ ಬರುತ್ತಿತ್ತು. ಆದರೆ ಅತಿಥಿಗಳು ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕಲ್ಲ.

ಅತಿಥಿಗಳಿಗೇನೂ ಕೊರತೆಯಿರಲಿಲ್ಲ. ಗಾಳಿ ಬಂತು, ತುದಿ ಹತ್ತಿತು, "ಚಂದ ಐತಿ" ಎಂದು ಹೋಯಿತು. ಮೋಡ ಬಂತು, ನೆರಳು ಹಾಸಿ ಅರೆಗಳಿಗೆ ಕೂತಿತು, "ಚಂದ ಐತಿ" ಎಂದು ಹೋಯಿತು. ಚಂದ ಇರುವುದು ಬಂಡೆಗಳಿಗೂ ಗೊತ್ತಿತ್ತು.

ಒಂದು ದಿನ ಹೊಳೆ ಬಂದಳು.

"ಹೆಂಗದೀರಪ್ಪಾ ಅಣ್ಣತಮ್ಮ? ಬಿಸಿಲಿಗೆ ಬೆನ್ನು ಸುಡೂದಿಲ್ಲೇನು?"

ಅಲ್ಲಿಯವರೆಗೆ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ.

ಮೂರು ದಿನ ಅವರು ಆಕೆಗೆ ಗುಡ್ಡವನ್ನೆಲ್ಲ ತೋರಿಸಿದರು: ಕರಡಿಯ ಗವಿ, ಕವಳೆಹಣ್ಣಿನ ಪೊದೆ, ಸೂರ್ಯ ಮುಳುಗುವ ಜಾಗ. ನಾಲ್ಕನೆಯ ದಿನ ಹೊಳೆ ಸೆರಗು ಕೊಡವಿಕೊಂಡು ಎದ್ದಳು.

"ಸಮುದ್ರ ನೋಡೂದೈತಿ. ಕಳಿಸಿಕೊಡ್ರಿ."

"ಮತ್ತ ಬರ್ತೀಯಲ್ಲಕ್ಕ?" ಎಂದ ಕಿರಿಗುಂಡು.

"ನೀವು ಚಲೋತ್ನ್ಯಾಗ ಕಳಿಸಿದ್ರ ಬರ್ದೇ ಇರ್ತೀನೇನು!"

ಅತಿಥಿಯನ್ನು ಕಳಿಸಲು ಆಗಲೇ ಒಂದು ಪದ್ಧತಿ ಇತ್ತು. ಅಂಚಿನವರೆಗೆ ಬಂದು ನಿಲ್ಲಬೇಕು. ಹೋಗುವವರು ಪೂರ್ತಿ ಮರೆಯಾಗುವ ತನಕ ಬೆನ್ನು ತಿರುಗಿಸಬಾರದು. ತಿರುಗಿಸಿದರೆ ಅವರು ಮತ್ತೆ ಬರುವುದಿಲ್ಲ.

ಇಬ್ಬರೂ ಗುಡ್ಡದ ಅಂಚಿಗೆ ಉರುಳಿ ಬಂದು ನಿಂತರು. ಹೊಳೆಯ ತಲೆ ತಿರುವಿನಲ್ಲಿ ಮರೆಯಾಯಿತು. ಮೈ ಹೋಗುತ್ತಿತ್ತು. ಸಂಜೆಯಾದರೂ ಹೋಗುತ್ತಲೇ ಇತ್ತು. ವಾರವಾದರೂ ಹೋಗುತ್ತಲೇ ಇತ್ತು.

"ಬಾಲ ಬಂತೇನೋ?" ಎಂದ ಹಿರಿಗುಂಡು.

"ಕಾಣವಲ್ದಣ್ಣ."

"ನನ್ನ ಬೆನ್ನ ಮ್ಯಾಲ ಹತ್ತಿ ನೋಡು."

ಕಿರಿಗುಂಡು ಹತ್ತಿದ. ಅಲ್ಲಿಂದ ಹೊಳೆ ಇನ್ನೂ ಉದ್ದ ಕಂಡಳು.

ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಓತಿಕ್ಯಾತ ತಲೆ ಕುಣಿಸಿತು. "ಹುಚ್ಚಪ್ಪಗಳಿರಾ, ಹೊಳಿಗೆ ಎಲ್ಲೀ ಬಾಲ? ನಿಮ್ಮನ್ನ ಮಾತಾಡಿಸಿದ ನೀರು ಸಮುದ್ರ ಸೇರೇತಿ. ಈಗ ಹೊಂಟಿದ್ದು ಬ್ಯಾರೆ ನೀರು. ಇಳೀರಿ."

ಹಿರಿಗುಂಡು ಕೆಳಗೆ ಹರಿಯುತ್ತಿದ್ದ ನೀರನ್ನು ನೋಡಿದ. ಅದೂ ಅವನನ್ನು ನೋಡಿತು. "ಚಂದ ಐತಿ" ಎಂದು ಹೋಯಿತು.

ಹಿರಿಗುಂಡು ಸ್ವಲ್ಪ ಹೊತ್ತು ಆ ನೀರನ್ನೇ ನೋಡುತ್ತಿದ್ದ. ಬಂಡೆಗಳ ಸ್ವಲ್ಪ ಹೊತ್ತು ಎಂದರೆ ಒಂದು ಮಳೆಗಾಲ. ಆಮೇಲೆ ಕೇಳಿದ:

"ತಮ್ಮಾ, ಬೆನ್ನು ತಿರುಗಿಸೋಣೇನು?"

"ಬ್ಯಾಡಣ್ಣ. ಆಕಿ ಬರ್ದೆ ಹೋದ್ರ ನಮ್ಮದ ತಪ್ಪಾಕ್ಕೈತಿ."

ಅದಕ್ಕೇ ಮಗು, ಹೊಳೆದಂಡೆಯ ಗುಡ್ಡಗಳಲ್ಲಿ ಇವತ್ತಿಗೂ ಬಂಡೆಯ ಬೆನ್ನ ಮೇಲೊಂದು ಬಂಡೆ, ಈಗ ಬಿತ್ತೋ ಆಗ ಬಿತ್ತೋ ಎಂಬಂತೆ, ನೀರಿನ ಕಡೆಗೇ ಬಗ್ಗಿ ನಿಂತಿರುತ್ತದೆ. ನಾವು ಫೋಟೋ ತೆಗೆದು, ಚೆನ್ನಾಗಿದೆ ಎಂದು ಬಸ್ಸು ಹತ್ತುತ್ತೇವೆ; ಅವು ನಮ್ಮ ಕಡೆ ತಿರುಗಿ ನೋಡುವುದಿಲ್ಲ.