ಬಾಗದ ಸೌಟು

ಒಂದಾನೊಂದು ಊರಿನಲ್ಲಿ ಒಬ್ಬ ಅರಸ. ಅವನ ಹುಗ್ಗಿ ಎಷ್ಟು ಗಟ್ಟಿಯೆಂದರೆ, ಬಡಿಸಲು ಹೋದ ಅಲ್ಯೂಮಿನಿಯಂ ಸೌಟು ಬಾಗಿಬಿಡುತ್ತಿತ್ತು.

"ನನಗೆ ಬಾಗದೆ ಹುಗ್ಗಿಗೆ ಬಾಗುತ್ತದೆಯೇ?" ಎಂದ ಅರಸ. ಬಾಗದ ಸೌಟು ಬರುವ ತನಕ ತಾನು ಉಣ್ಣುವುದಿಲ್ಲ, ಊರೂ ಉಣ್ಣಬಾರದು ಎಂದು ಡಂಗುರ ಸಾರಿಸಿದ.

ಎರಕ ಹೊಯ್ಯುವ ಮೋನಮ್ಮ ಹಸಿದ ಹೊಟ್ಟೆಯಲ್ಲೇ ಕುಲುಮೆ ಹಚ್ಚಿದಳು. ಸೌಟು ಗಟ್ಟಿಯಾಗಲೆಂದು ಕರಗಿದ ಲೋಹಕ್ಕೆ ಭತ್ತದ ಹೊಟ್ಟಿನ ಬೂದಿ ಸುರಿದಳು. ಬೂದಿ ಮುಳುಗಲಿಲ್ಲ.

"ಯಾಕ್ರವ್ವಾ, ಒಳಗೆ ಹೋಗಲ್ವಾ?" ಎಂದು ಬೂದಿಯನ್ನು ಕೇಳಿದಳು.

"ಅವರು ಕುದೀತಿದ್ದಾರೆ, ನಾವು ತಣ್ಣಗಿದ್ದೇವೆ. ಸಂಬಂಧ ಹೇಗೆ ಕೂಡೀತು?" ಎಂದಿತು ಬೂದಿ.

ಅದೂ ನಿಜ ಅನ್ನಿಸಿತು ಅವಳಿಗೆ. ಬೂದಿಯನ್ನು ಬೇರೆ ಬಾಣಲೆಯಲ್ಲಿ ಕಾಯಿಸಿದಳು. ಲೋಹವನ್ನು ಸುಳಿಯೇಳುವಂತೆ ತಿರುವುತ್ತಾ ಚಿಟಿಕೆ ಚಿಟಿಕೆಯಾಗಿ ಹಾಕಿದಳು. "ಗುಂಪು ಕಟ್ಟಬೇಡಿ, ಚದುರಿ ಕೂತ್ಕೊಳ್ಳಿ" ಎಂದಳು. ಬೂದಿ ಚದುರಿ ಕೂತಿತು. ಸೌಟು ಆಯಿತು.

ಅರಸ ಅದನ್ನು ತೊಲೆಗೆ ಕಟ್ಟಿಸಿ ಆನೆಯಿಂದ ಎಳೆಸಿದ. ಆನೆಗೆ ಶಕ್ತಿಯಿದೆಯೋ ಎಂದು ನೋಡಲು ಆ ಆನೆಯನ್ನೇ ಇನ್ನೊಂದು ಆನೆಯಿಂದ ಎಳೆಸಿದ. ಸೌಟು ಬಹಳ ಹೊತ್ತು ತಡೆದು ಕೊನೆಗೆ ಮುರಿಯಿತು.

"ಭೇಷ್. ಇದರಲ್ಲೇ ಬಡಿಸಿ."

"ಇದು ಮುರಿದಿದೆ, ಒಡೆಯ."

"ಇನ್ನೊಂದು ತಾ."

ತಂದಳು.

"ಪರೀಕ್ಷೆ ಆಗಿದೆಯೇ?"

"ಇಲ್ಲ."

"ಹಾಗಾದರೆ ಎಳೆಸಿ."

ಹೀಗೆ ನಲವತ್ತೊಂದು ಸೌಟು ಮುರಿದವು. ಊರಿನ ಒಲೆಗಳಲ್ಲಿ ಬೆಕ್ಕುಗಳು ಮಲಗಿದವು. ಸೌಟಿನಲ್ಲಿ ತಪ್ಪಿಲ್ಲ, ಅರಸ ಪರೀಕ್ಷೆ ಕೇಳುವುದರಲ್ಲೇ ತಪ್ಪಿದೆ ಎಂದು ಮೋನಮ್ಮನಿಗೆ ಹೊಳೆದದ್ದು ಆಗ.

ಒಂದೇ ಮೂಸೆಯಲ್ಲಿ ಕರಗಿಸಿದ ಲೋಹದಿಂದ ಎರಡು ಸೌಟು ಹೊಯ್ದು ತಂದಳು.

"ಅಕ್ಕ ತಂಗಿ, ಒಡೆಯ. ಅಕ್ಕನನ್ನು ಎಳೆಸಿ. ತಂಗಿ ಬಡಿಸ್ತಾಳೆ."

ಅಕ್ಕ ಎರಡಾನೆ ತಡೆದು ಮುರಿದಳು.

"ತಂಗಿಯ ಶಕ್ತಿ ಯಾರು ಕಂಡಿದ್ದಾರೆ?" ಎಂದ ಅರಸ.

"ಯಾರೂ ಇಲ್ಲ. ಕಾಣೋಕೆ ಹೋದರೆ ಬಡಿಸೋಕೆ ಅವಳಿರೋದಿಲ್ಲ."

ಅರಸ ತಂಗಿಯನ್ನು ಕೈಗೆತ್ತಿಕೊಂಡ. "ನಿನಗೆ ಭಯವಿಲ್ಲವೇ?"

"ಪ್ರತಿ ಎರಕಕ್ಕೂ ಭಯವೇ. ಆದರೂ ಹಸಿವಾಗ್ತದಲ್ಲ, ಒಡೆಯ."

ಅರಸ ಕಣ್ಣು ಮುಚ್ಚಿ ಸೌಟನ್ನು ಹುಗ್ಗಿಗೆ ಇಳಿಸಿದ. ಅದು ನೆಟ್ಟಗೆ ಮೇಲೆ ಬಂತು, ತುಂಬಿಕೊಂಡು. ಅವನು ಮೊದಲ ತುತ್ತನ್ನು ಮೋನಮ್ಮನ ಎಲೆಗೆ ಹಾಕಿದ.

ನೀತಿ ಏನೆಂದರೆ, ಮುರಿದ ಸೌಟು ನಿಜ ಹೇಳುತ್ತದೆ, ಮುರಿಯದ ಸೌಟು ಅನ್ನ ಹಾಕುತ್ತದೆ. ಕತೆ ಆರುವ ಮುಂಚೆ ಎದ್ದು ಕೈ ತೊಳೆಯಿರಿ.